ಜಪಾನಿಗೆ ಹೋಗೋ ಬಸ್ಸು ಲಂಡನ್ ಮೇಲೆ ಯಾಕೆ ಹೋಗಬೇಕು?

ಯುಗಾದಿಗೆ ಊರಿಗೆ ಹೋದವನು ಕುರುಗೋಡಿನಲ್ಲಿ ಅಕ್ಕನ ಮನೆಯಲ್ಲಿ ಒಂದು ರಾತ್ರಿ ಉಳಿದಿದ್ದೆ. ಅಕ್ಕನ ಮಗ ಪಿಯುಸಿ ಆದ ಮೇಲೆ ಎರಡು ವರ್ಷ ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ದುಡಿದ. ಆಮೇಲೆ ಜಪಾನಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗ್ತೀನಿ ಅಂತ ಬಳ್ಳಾರಿಯಲ್ಲೇ ಒಂದು ಜಪಾನಿ ಕ್ಲಾಸಿಗೆ ಸೇರಿದ. ಫೀಸು ಕಟ್ಟಿದ್ದು ಅಕ್ಕನ ಬಳೆ ಅಡವಿಟ್ಟು. ಊಟಕ್ಕೆ ಕೂತಾಗ "ಎಲ್ಲಿಗೆ ಬಂತೋ ನಿನ್ನ ಜಪಾನಿ?" ಅಂದೆ. ಗಂಗಾಳ ನೋಡುತ್ತಲೇ ಹೇಳಿದ.

"ಬಿಟ್ಟೆ ಮಾಮ. ನನಗ ಇಂಗ್ಲಿಷೇ ನೆಟ್ಟಗ ಬರಂಗಿಲ್ಲ, ಜಪಾನಿ ಎಲ್ಲಿ ಬರ್ತೈತಿ?"

ಕ್ಲಾಸಿನಲ್ಲಿ ಅವನಿಗೆ ಕೊಟ್ಟ ಸಲಹೆ ಏನು ಗೊತ್ತಾ? ಮೂರು ತಿಂಗಳು ಸ್ಪೋಕನ್ ಇಂಗ್ಲಿಷ್ ಮುಗಿಸಿಕೊಂಡು ಬಾ, ಆಮೇಲೆ ಜಪಾನಿ ನೋಡೋಣ. ಸಿಟ್ಟು ಬಂತು. ಆದರೆ ಸಿಟ್ಟು ಮಾಡೋ ಯೋಗ್ಯತೆ ನನಗೂ ಇರಲಿಲ್ಲ. ಅವನು ಕ್ಲಾಸಿಗೆ ಸೇರುವ ಮುಂಚೆ ಫೋನ್ ಮಾಡಿದಾಗ ನಾನೂ ಅದನ್ನೇ ಹೇಳಿದ್ದೆ. "ಮೊದಲು ಇಂಗ್ಲಿಷ್ ಇಂಪ್ರೂವ್ ಮಾಡ್ಕೊಳೋ." ಸಿರುಗುಪ್ಪದ ಕನ್ನಡ ಶಾಲೆಯಲ್ಲಿ ಓದಿ, ಬೆಂಗಳೂರು ಸೇರಿ, ಜಪಾನಿ ಕ್ಲೈಂಟ್ ಇದ್ದಾರೆ ಅಂತ ವಾರಾಂತ್ಯದಲ್ಲಿ ಭಾಷೆ ಕಲಿತವನು ನಾನು. ನಾನು ಇಂಗ್ಲಿಷಿನ ಮೂಲಕ ಕಲಿತೆ, ಹಾಗಾಗಿ ಅದೇ ದಾರಿ ಅಂದುಕೊಂಡಿದ್ದೆ. ಅದು ದಾರಿಯಲ್ಲ, ಸುತ್ತು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗೋನನ್ನು ಬೆಂಗಳೂರಿಗೆ ಕಳಿಸಿ, ಅಲ್ಲಿಂದ ವಾಪಸ್ ಕರೆದುಕೊಂಡು ಬಂದ ಹಾಗೆ.

ಸುಮ್ಮನೆ ಭಾಷಾಭಿಮಾನಕ್ಕೆ ಹೇಳ್ತಿಲ್ಲ. ಅವನ ನೋಟ್‌ಬುಕ್ ತರಿಸಿ ನೋಡಿದೆ. ಅವನು ಸಿಕ್ಕಿಬಿದ್ದ ಜಾಗ ಇದು: 'ತಮೆ ನಿ' ಮತ್ತು 'ಯೋ ನಿ'. ಎರಡೂ ಗುರಿ ಹೇಳುವ ಮಾತುಗಳು. ಕ್ಲಾಸಿನಲ್ಲಿ ಒಂದಕ್ಕೆ 'ಇನ್ ಆರ್ಡರ್ ಟು' ಅಂತ, ಇನ್ನೊಂದಕ್ಕೆ 'ಸೋ ದಟ್' ಅಂತ ಬರೆಸಿದ್ದಾರೆ. ಪಕ್ಕದಲ್ಲಿ ಹುಡುಗ ದೊಡ್ಡದಾಗಿ ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡಿದ್ದಾನೆ. ಹಾಕದೆ ಏನು ಮಾಡ್ತಾನೆ? ಇಂಗ್ಲಿಷ್ ಚೆನ್ನಾಗಿ ಬರೋರಿಗೇ ಇವೆರಡರ ವ್ಯತ್ಯಾಸ ಕೇಳಿದರೆ ತಲೆ ಕೆರೆದುಕೊಳ್ತಾರೆ.

ನಾನು ಕೇಳಿದೆ: "'ಅರ್ಥ ಆಗೋ ಹಂಗ ಹೇಳು' ಅಂತೀವಿ. 'ಅರ್ಥ ಆಗೋ ಸಲುವಾಗಿ ಹೇಳು' ಅಂತೀವೇನು?"

"ಇಲ್ಲ ಮಾಮ, ಅದೇನೋ ಸೊಟ್ಟ ಆಗ್ತೈತಿ."

"'ಜಪಾನಿಗೆ ಹೋಗೋ ಸಲುವಾಗಿ ರೊಕ್ಕ ಕೂಡಿಸ್ತೀನಿ' ಅಂದ್ರ?"

"ಅದು ಸರಿ ಐತಿ."

ಆಯಿತು, ಪಾಠ ಮುಗೀತು. ನಾವೇ ಬೇಕಂತ ಕೈಹಾಕುವ ಕೆಲಸಕ್ಕೆ 'ಸಲುವಾಗಿ', ಅದೇ 'ತಮೆ ನಿ'. ನಮ್ಮ ಕೈಲಿಲ್ಲದ್ದು, ತಾನಾಗಿ ಆಗಬೇಕಾದ್ದು ಇದ್ದರೆ 'ಹಂಗ', ಅದೇ 'ಯೋ ನಿ'. 'ವಕಾರು ಯೋ ನಿ ಹನಾಸು' ಅಂದರೆ ಅರ್ಥ ಆಗೋ ಹಂಗ ಮಾತಾಡೋದು. 'ನಿಹೊನ್ ಎ ಇಕು ತಮೆ ನಿ' ಅನ್ನೋದನ್ನು ಪದಕ್ಕೆ ಪದ ಇಡಿ: ನಿಹೊನ್, ಜಪಾನು. ಎ, ಗೆ. ಇಕು, ಹೋಗೋ. ತಮೆ ನಿ, ಸಲುವಾಗಿ. ಪದಗಳ ಸಾಲು ಕೂಡ ಕದಲಲಿಲ್ಲ. ಇದನ್ನೇ ಇಂಗ್ಲಿಷಿಗೆ ಹಾಕಿ ನೋಡಿ, ವಾಕ್ಯ ತಲೆಕೆಳಗಾಗುತ್ತೆ. ಹುಡುಗ ಒಂದು ಸಲ ತಲೆಕೆಳಗೆ ಮಾಡಿ, ಮತ್ತೆ ತಿರುಗಿಸಿ ನಿಲ್ಲಿಸಬೇಕು. ಎರಡು ಲಾಗ ಹಾಕಿಸಿ 'ನಿನಗೆ ಬ್ಯಾಲೆನ್ಸ್ ಇಲ್ಲ' ಅನ್ನೋದು ಯಾವ ನ್ಯಾಯ?

ಇನ್ನು ನನ್ನ ಕಥೆ. ಎನ್‌3 ಹಂತದಲ್ಲಿ ನನ್ನನ್ನು ಸತಾಯಿಸಿದ್ದು 'ಮುಕೆ' ಮತ್ತು 'ಮುಕಿ'. 'ಕೊದೊಮೊ ಮುಕೆ' ಅಂದರೂ ಮಕ್ಕಳಿಗೆ, 'ಕೊದೊಮೊ ಮುಕಿ' ಅಂದರೂ ಮಕ್ಕಳಿಗೆ. ಇಂಗ್ಲಿಷಿನಲ್ಲಿ ಎರಡಕ್ಕೂ 'ಫಾರ್ ಚಿಲ್ಡ್ರನ್' ಅಂದರೆ ನಡೆದುಹೋಗುತ್ತೆ. ಬೆಂಗಳೂರಿನ ನಮ್ಮ ಕ್ಲಾಸಿನಲ್ಲಿ ಒಂದು 'ಇಂಟೆಂಡೆಡ್', ಇನ್ನೊಂದು 'ಸೂಟಬಲ್' ಅಂತ ಬಾಯಿಪಾಠ ಮಾಡಿಸಿದರು. ಯಾವುದು ಯಾವುದು ಅಂತ ಪರೀಕ್ಷೆ ಹಾಲಿನಲ್ಲಿ ಮರೆತುಹೋಯಿತು. ವರ್ಷಗಳಾದ ಮೇಲೆ ಹೊಳೆದಿದ್ದು ಇಷ್ಟೇ. 'ಮುಕು' ಅಂದರೆ ತಿರುಗು. 'ಮುಕೆರು' ಅಂದರೆ ತಿರುಗಿಸು. ಮುಕಿ ಬಂದಿದ್ದು ತಿರುಗುವುದರಿಂದ, ಮುಕೆ ಬಂದಿದ್ದು ತಿರುಗಿಸುವುದರಿಂದ. ತಾನಾಗಿಯೇ ಆ ಕಡೆ ತಿರುಗಿರೋದು, ಸ್ವಭಾವದಲ್ಲೇ ಒಗ್ಗೋದು ಮುಕಿ. ಯಾರೋ ಬೇಕಂತ ಆ ಕಡೆ ತಿರುಗಿಸಿದ್ದು, ಅವರಿಗಂತ ಮಾಡಿದ್ದು ಮುಕೆ. ಇಂಗ್ಲಿಷಿನ 'ಟರ್ನ್' ತಿರುಗುವುದಕ್ಕೂ ಅದೇ, ತಿರುಗಿಸುವುದಕ್ಕೂ ಅದೇ, ಹಾಗಾಗಿ ಆ ಕಿಟಕಿಯಿಂದ ನೋಡಿದರೆ ಇದು ಕಾಣೋದೇ ಇಲ್ಲ. ಕನ್ನಡದಲ್ಲಿ ಒಂದು 'ಇಸು' ಸೇರಿಸಿದರೆ ಮುಗೀತು. ಐದನೇ ಕ್ಲಾಸಿನ ಹುಡುಗನಿಗೂ ಗೊತ್ತಿರೋ ವಿಷಯ.

ಅಳಿಯನಿಗೆ ಇದನ್ನು ಹೇಳೋಕೆ ಪುಸ್ತಕ ಬೇಕಾಗಲಿಲ್ಲ. ಅವನು ಘಟಕದಲ್ಲಿ ನೋಡಿದ ಮಾಲೇ ಸಾಕಾಯಿತು. ಹೊರದೇಶಕ್ಕಂತ ಹೊಲಿದ ಪ್ಯಾಂಟು ಯುಶುತ್ಸು ಮುಕೆ, ರಫ್ತಿಗಂತ ಮಾಡಿದ್ದು. ಎರೆಹೊಲಕ್ಕೆ ಒಗ್ಗೋ ಬೆಳೆ ಮುಕಿ, ಅದನ್ನು ಯಾರೂ ಆ ಹೊಲದ ಕಡೆ ತಿರುಗಿಸಿಲ್ಲ, ಮಣ್ಣಿಗೂ ಅದಕ್ಕೂ ಹೊಂದುತ್ತೆ ಅಷ್ಟೇ. 'ಗಂತ' ಮತ್ತು 'ಒಗ್ಗೋ'. ಮನೆ ಬಾಡಿಗೆ ಜಾಹೀರಾತಿನಲ್ಲಿ ಜಪಾನಿನವರು 'ಮಿನಾಮಿ ಮುಕಿ' ಅಂತ ಬರೀತಾರೆ, ದಕ್ಷಿಣಕ್ಕೆ ಮಾರಿ ಮಾಡಿದ ಮನೆ. ನಮ್ಮವರು ಪೂರ್ವಕ್ಕೆ ಮಾರಿ ಮಾಡಿದ್ದು ಬೇಕು ಅಂತ ಬ್ರೋಕರ್ ಹತ್ತಿರ ಜಗಳಾಡ್ತಾರೆ. ದಿಕ್ಕು ಬೇರೆ, ವ್ಯಾಕರಣ ಒಂದೇ.

ಅಕ್ಕ ಅಡುಗೆ ಮನೆಯಿಂದ ಎಲ್ಲ ಕೇಳಿಸಿಕೊಳ್ತಿದ್ದಳು. 'ನಿ ಮುಕತ್ತೆ' ಬಂದಾಗ ಅವಳೇ ಪಾಠ ಮಾಡಿದ ಹಾಗಾಯಿತು. ಇದು ಎದುರಿಗೆ ಮುಖ ಮಾಡಿ ಹೋಗೋದಕ್ಕೂ ಬರುತ್ತೆ, ಎದುರು ಮಾತಾಡೋದಕ್ಕೂ ಬರುತ್ತೆ. ಜಪಾನಿ ಅಪ್ಪ ಮಗನಿಗೆ ಬೈಯುವಾಗ 'ಓಯಾ ನಿ ಮುಕತ್ತೆ' ಅಂತಾನೆ. ಕ್ಲಾಸಿನವರು ಇದಕ್ಕೆ 'ಟುವರ್ಡ್ಸ್ ಪೇರೆಂಟ್' ಅಂತ ಬರೆಸ್ತಾರೆ, ಅದರಲ್ಲಿ ಬೈಗುಳ ಎಲ್ಲಿದೆ? ಅಷ್ಟರಲ್ಲಿ ಹುಡುಗ ಅವನ ಅಮ್ಮನಿಗೆ ಏನೋ ಒರಟಾಗಿ ಅಂದ. "ಹಡೆದವ್ವಗ ಎದುರಾಡ್ತಿಯೇನಲೇ?" ಅಂತ ಅಕ್ಕ ಸೌಟು ಎತ್ತಿದಳು. ನೋಡಪ್ಪ, ಇದೇ ಮುಕತ್ತೆ ಅಂದೆ.

ಅದರ ಅಣ್ಣತಮ್ಮ 'ನಿ ಮುಕೆತೆ'. ಪರೀಕ್ಷೆ ಎದುರಿಗಿಟ್ಟುಕೊಂಡು ಓದೋದು, ಚುನಾವಣೆ ಎದುರಿಗಿಟ್ಟುಕೊಂಡು ರಸ್ತೆಗೆ ಡಾಂಬರು ಹಾಕೋದು. ಇದನ್ನು ಬಳ್ಳಾರಿಯವರಿಗೆ ವಿವರಿಸಬೇಕಾ?

ಇಲ್ಲಿ ಒಂದು ಮಾತು, ಇಲ್ಲದಿದ್ದರೆ ನಾಳೆ ವಾಟ್ಸಾಪಿನಲ್ಲಿ ನನ್ನ ಹೆಸರಲ್ಲೇ ಫಾರ್ವರ್ಡ್ ಬರುತ್ತೆ. ಜಪಾನಿ ಕನ್ನಡದಿಂದ ಹುಟ್ಟಿತು ಅಂತ ನಾನು ಹೇಳ್ತಿಲ್ಲ. ಮುಕಿಗೂ ನಮ್ಮ ಮುಖಕ್ಕೂ ಸಂಬಂಧ ಇಲ್ಲ, ಮುಖ ಸಂಸ್ಕೃತದ ದಾರಿಯಲ್ಲಿ ಬಂದದ್ದು, ಸದ್ದು ಹೊಂದಿದ್ದು ಕಾಕತಾಳೀಯ. ಸುಸುಮು ಓನೊ ಅನ್ನೋ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ನಂಟು ಇದೆ ಅಂತ ದಶಕಗಟ್ಟಲೆ ವಾದಿಸಿದರು, ಹೆಚ್ಚಿನ ಭಾಷಾಶಾಸ್ತ್ರಜ್ಞರು ಒಪ್ಪಲಿಲ್ಲ. ನನಗೆ ಬೇಕಾದ್ದು ವಂಶವೃಕ್ಷವಲ್ಲ. ಕ್ರಿಯಾಪದ ಕೊನೆಗೆ ಬರೋದು, ಪ್ರತ್ಯಯ ನಾಮಪದದ ಹಿಂದೆ ಅಂಟೋದು, ಇಷ್ಟು ಆಕಾರ ಹೊಂದಿದರೆ ಕಲಿಯೋನಿಗೆ ಅರ್ಧ ದಾರಿ ಸವೆಯುತ್ತೆ.

ಹೊಂದದ ಜಾಗಗಳೂ ಇವೆ. 'ನಿ' ಬಹುಮಟ್ಟಿಗೆ ನಮ್ಮ 'ಗೆ', ಆದರೆ 'ಬಳ್ಳಾರಿಯಲ್ಲಿ ಇದ್ದೇನೆ' ಅನ್ನೋಕೂ ಅವರು 'ನಿ' ಹಾಕ್ತಾರೆ, ಅಲ್ಲಿ ಕನ್ನಡ ಕೈಕೊಡುತ್ತೆ. ಕೊಡೋದಕ್ಕೆ ಅವರಿಗೆ 'ಅಗೆರು' ಬೇರೆ, 'ಕುರೆರು' ಬೇರೆ. ನನ್ನ ಕಡೆಗೆ ಬಂದರೆ ಕುರೆರು. ನಮಗೆ ಎಲ್ಲಾ 'ಕೊಡು'. (ಮಲಯಾಳಿಗಳು ಇಲ್ಲಿ ನಮಗಿಂತ ಅದೃಷ್ಟವಂತರು, ಅವರಿಗೆ ನನಗೆ-ನಿನಗೆ ಕೊಡೋದಕ್ಕೆ ಒಂದು, ಅವನಿಗೆ ಕೊಡೋದಕ್ಕೆ ಇನ್ನೊಂದು ಕ್ರಿಯಾಪದ ಇದೆ.) ಇದನ್ನೂ ಕನ್ನಡದಲ್ಲೇ ಹೇಳಬಹುದು. ಇಂಗ್ಲಿಷ್ ಇಲ್ಲೂ ಯಾವ ಉಪಕಾರವನ್ನೂ ಮಾಡಲ್ಲ.

ಈಗ ನಿಮ್ಮ ತಕರಾರು. ಬಳ್ಳಾರಿ ಕ್ಲಾಸಿನಲ್ಲಿ ಎಲ್ಲರೂ ಕನ್ನಡದವರೇ ಇರ್ತಾರಾ? ಇರಲ್ಲ. ಈ ಊರು 1953ರ ಅಕ್ಟೋಬರ್ 1ರವರೆಗೆ ಮದರಾಸು ಪ್ರಾಂತ್ಯದಲ್ಲಿತ್ತು, ಸಿರುಗುಪ್ಪದಿಂದ ಸ್ವಲ್ಪ ದೂರ ಹೋದರೆ ಆಂಧ್ರ. ಮನೆಯಲ್ಲಿ ತೆಲುಗು, ಉರ್ದು ಆಡೋ ಹುಡುಗರು ಬೇಕಾದಷ್ಟಿದ್ದಾರೆ. ಅವರ 'ಕೋಸಂ', ಅವರ 'ಕೇ ಲಿಯೇ' ಕೂಡ ನಾಮಪದದ ಹಿಂದೇ ಬರುತ್ತೆ, ಕ್ರಿಯಾಪದ ಕೊನೆಗೇ ಬರುತ್ತೆ. ಪೇಟೆಯ ಕನ್ನಡ ಅವರಿಗೂ ತಿಳಿಯುತ್ತೆ. ಇಡೀ ಕ್ಲಾಸಿನಲ್ಲಿ ಜಪಾನಿಗೆ ಅತ್ಯಂತ ದೂರದ ಭಾಷೆ ಯಾವುದೋ ಅದನ್ನೇ ಹುಡುಕಿ ಪಾಠಕ್ಕೆ ಇಟ್ಟುಕೊಂಡಿದ್ದೇವೆ.

ಎರಡನೇ ತಕರಾರು: ಇಂಗ್ಲಿಷ್ ಹೇಗೂ ಬೇಕಲ್ಲ? ಬೇಕು, ನನ್ನ ಕೆಲಸಕ್ಕೆ. ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಪ್ರಶ್ನೆ, ಸೂಚನೆ ಎಲ್ಲ ಜಪಾನಿಯಲ್ಲೇ ಇರುತ್ತೆ. ಅಲ್ಲಿನ ವೃದ್ಧಾಶ್ರಮದಲ್ಲಿ ಎಂಬತ್ತೈದರ ಅಜ್ಜಿ ನೀರು ಕೇಳೋದೂ ಜಪಾನಿಯಲ್ಲೇ. ಪರೀಕ್ಷೆಯಲ್ಲಿ ಇಲ್ಲದ, ಕೆಲಸದಲ್ಲಿ ಬೇಡದ ಭಾಷೆಯನ್ನು ಬಾಗಿಲಲ್ಲಿ ಕಾವಲು ನಿಲ್ಲಿಸಿದ್ದು ಯಾಕೆ? ಕಲಿಸೋರಿಗೆ ಅನುಕೂಲ ಅಂತ. ಪುಸ್ತಕದಲ್ಲಿ ಇಂಗ್ಲಿಷ್ ಇದೆ, ಓದಿ ಹೇಳಿದರಾಯಿತು. 'ಮಿನ್ನಾ ನೊ ನಿಹೊಂಗೊ' ಪಠ್ಯಕ್ಕೆ ವಿಯೆಟ್ನಾಮಿ, ಥಾಯ್, ಬರ್ಮೀ ಭಾಷೆಗಳಲ್ಲೂ ವ್ಯಾಕರಣ ವಿವರಣೆಯ ಪುಸ್ತಕ ಇದೆ. ವಿಯೆಟ್ನಾಮಿನ ಹುಡುಗಿ ಅವಳ ಭಾಷೆಯಲ್ಲಿ ಓದಿಕೊಂಡು ವಿಮಾನ ಹತ್ತುತ್ತಾಳೆ. ಕುರುಗೋಡಿನ ಹುಡುಗ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗ್ತಾನೆ.

ಡಿ.ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಅಂತ ಪುಸ್ತಕವನ್ನೇ ಬರೆದರು. ಸಂಸ್ಕೃತದ ಕನ್ನಡಕ ಹಾಕಿಕೊಂಡು ಕನ್ನಡ ನೋಡಬೇಡಿ ಅನ್ನೋದು ಅವರ ಜಗಳ. ಶಾಲೆಯಲ್ಲಿ ನಾವೆಲ್ಲ ವಿಭಕ್ತಿ ಪ್ರತ್ಯಯವನ್ನು ಮಗ್ಗಿ ಹಾಗೆ ಹೇಳಿ ಮರೆತೆವು. ಚತುರ್ಥಿಗೆ 'ಗೆ, ಕ್ಕೆ' ಅಂತ ಬರೆದು ಎರಡು ಅಂಕ ತಗೊಂಡೆವು, ಆ 'ಗೆ' ಇನ್ನೊಂದು ದೇಶದ ಬಾಗಿಲು ತೆಗೆಯುತ್ತೆ ಅಂತ ಯಾರೂ ಹೇಳಲಿಲ್ಲ.

ಇದು ಹವ್ಯಾಸದ ಮಾತಾಗಿದ್ದರೆ ಇಷ್ಟು ಕೂಗಾಡ್ತಿರಲಿಲ್ಲ. ವಿಶೇಷ ಕೌಶಲದ ಕೆಲಸಗಾರರನ್ನು ಕಳಿಸೋಕೆ ಭಾರತ ಜಪಾನಿನ ಜೊತೆ 2021ರ ಜನವರಿಯಲ್ಲಿ ಒಪ್ಪಂದ ಮಾಡಿಕೊಂಡಿದೆ. 2025ರ ಆಗಸ್ಟಿನಲ್ಲಿ, ಐದು ವರ್ಷದಲ್ಲಿ ಇಲ್ಲಿಂದ 50,000 ಕುಶಲ ಜನ ಹೋಗಬೇಕು ಅಂತ ಗುರಿ ಇಟ್ಟಿದ್ದಾರೆ. ಭಾಷೆಯಲ್ಲಿ ಎನ್‌4 ಅಥವಾ ಅದರ ಸಮದ ಪರೀಕ್ಷೆ ಪಾಸಾಗಬೇಕು. ತೋರಣಗಲ್ಲಿನಲ್ಲಿ ಎಲೆಕ್ಟ್ರಿಕಲ್ ಸ್ಟೀಲ್ ಮಾಡೋಕೆ ಜೆಎಸ್‌ಡಬ್ಲ್ಯು ಜೊತೆ ಜಪಾನಿನ ಜೆಎಫ್‌ಇ 2023ರಲ್ಲಿ ಕೈಜೋಡಿಸಿದೆ, ಅಂದರೆ ಜಪಾನು ನಮ್ಮ ಜಿಲ್ಲೆಗೇ ಬಂದು ಕೂತಿದೆ. ಆ 50,000ದಲ್ಲಿ ನಮ್ಮ ಕಡೆಯವರು ಎಷ್ಟು ಜನ ಇರ್ತಾರೆ ಅನ್ನೋದನ್ನು 'ಸೋ ದಟ್' ಗೊತ್ತಾ ಇಲ್ವಾ ಅನ್ನೋದು ತೀರ್ಮಾನ ಮಾಡಬಾರದು. ಈಗಿನ ಕ್ಲಾಸುಗಳು ಬಳ್ಳಾರಿ ಮುಕೆ ಹೌದು, ಬಳ್ಳಾರಿ ಮುಕಿ ಅಲ್ಲ.

ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ. ಇನ್ನೂರು ಪುಟದ ಒಂದು ಜಪಾನಿ ವ್ಯಾಕರಣ, ಬಳ್ಳಾರಿಯ ಹುಡುಗನಿಗೆ ಒಗ್ಗೋ ಕನ್ನಡದಲ್ಲಿ, ಅವರು ತಂದರೆ ಸಂತೋಷ. ಜಪಾನಿ ಬರೋ ಸಾಫ್ಟ್‌ವೇರ್ ಮಂದಿ ನಾವು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದೇವೆ. ಶನಿವಾರ ಒಂದು ಗಂಟೆ ವಿಡಿಯೋ ಕಾಲಿನಲ್ಲಿ ಕೂತರೆ ನಮ್ಮ ಗಂಟೇನೂ ಹೋಗಲ್ಲ. ಆದರೆ ದಯವಿಟ್ಟು ಕನ್ನಡದಲ್ಲಿ ಕೂರಿ.

ನಾನು ಕೂತಿದ್ದೇನೆ. ಅಳಿಯ ಈಗ ಡಿಸೆಂಬರ್ ಪರೀಕ್ಷೆಗೆ ಓದ್ತಿದ್ದಾನೆ, ಬಳೆ ಇನ್ನೂ ಬಿಡಿಸಿಲ್ಲ. ಮೊನ್ನೆ ಶನಿವಾರ ಪಾಠ ಮುಗಿಯೋ ಹೊತ್ತಿಗೆ ಅವನೇ ಕೇಳಿದ: "ಮಾಮ, ಸಿರುಗುಪ್ಪಕ್ಕ ಹೋಗೋ ಬಸ್ಸು, ಸಿರುಗುಪ್ಪ ಕಡಿಗೆ ಹೋಗೋ ಬಸ್ಸು, ಎರಡೂ ಒಂದೇ ಅಲ್ಲಲ್ಲ? ಕಡಿಗೆ ಅಂದ್ರ ಸಿಂಧನೂರಿಗೂ ಹೋಗಬಹುದು. 'ನಿ'ಗೂ 'ಎ'ಗೂ ಅದೇ ಫರಕು ಏನು?"

ಹೆಚ್ಚುಕಮ್ಮಿ ಅದೇ ಕಣೋ ಅಂದೆ.