ಭಿನ್ನರಾಶಿಯ ಲೆಕ್ಕ ಮತ್ತು ಭಾಷೆಯ ಹೊಣೆ

ಗಣಿತವು ಅಂಕಿಗಳ ಶಾಸ್ತ್ರ, ವ್ಯಾಕರಣವು ಶಬ್ದಗಳ ಶಾಸ್ತ್ರ. ಇವೆರಡಕ್ಕೂ ನಂಟಿಲ್ಲವೆಂಬ ಭಾವನೆ ಶಾಲೆಗಳಲ್ಲಿ ಬೇರೂರಿದೆ. ಭಿನ್ನರಾಶಿಯ ವಾಕ್ಯರೂಪದ ಲೆಕ್ಕಗಳನ್ನು ಪರಿಶೀಲಿಸಿದವರಿಗೆ ಈ ಭಾವನೆ ಎಷ್ಟು ಪೊಳ್ಳೆಂಬುದು ವೇದ್ಯವಾಗದಿರದು. ಕೂಡಿಸುವುದನ್ನೂ ಕಳೆಯುವುದನ್ನೂ ಚೆನ್ನಾಗಿ ಬಲ್ಲ ವಿದ್ಯಾರ್ಥಿಯೂ ಇಂಥ ಲೆಕ್ಕದ ಮುಂದೆ ತಡವರಿಸುವುದುಂಟು. ಅವನು ಸೋಲುವುದು ಅಂಕಿಯಲ್ಲಲ್ಲ, ಅರ್ಥದಲ್ಲಿ.

ಉದಾಹರಣೆಗೆ, ಊಟದ ಪಂಕ್ತಿಯಲ್ಲಿ ಕುಳಿತ ಮಕ್ಕಳಲ್ಲಿ 1/3 ಪಾಲು ಬಾಲಕಿಯರು. ಮತ್ತೆ 6 ಮಂದಿ ಬಾಲಕಿಯರು ಬಂದು ಕುಳಿತ ಮೇಲೆ ಪಂಕ್ತಿಯ ಅರ್ಧದಷ್ಟು ಬಾಲಕಿಯರಾದರು. ಮೊದಲು ಕುಳಿತಿದ್ದ ಮಕ್ಕಳೆಷ್ಟು? ಅರ್ಧದಲ್ಲಿ 1/3 ಕಳೆದು, ಉಳಿದ 1/6 ಪಾಲೇ ಆ 6 ಮಂದಿ ಎಂದು ಬಗೆದು, 36 ಎಂದು ಉತ್ತರಿಸುವವರು ವಿರಳರಲ್ಲ. ತಾಳೆ ನೋಡಿದರೆ ದೋಷ ತಾನಾಗಿ ಬಯಲಾಗುತ್ತದೆ. 36ರಲ್ಲಿ ಬಾಲಕಿಯರು 12. 6 ಸೇರಿ 18. ಪಂಕ್ತಿಯಾದರೋ 42ಕ್ಕೆ ಬೆಳೆದಿದೆ. 18 ಅದರ ಅರ್ಧವಲ್ಲ. ಮೊದಲಿನ 1/3 ಹಳೆಯ ಪಂಕ್ತಿಯ ಪಾಲು, ಅನಂತರದ ಅರ್ಧ ಹಿಗ್ಗಿದ ಪಂಕ್ತಿಯ ಪಾಲು. ಬೇರೆ ಬೇರೆ ಪೂರ್ಣಗಳ ಪಾಲುಗಳನ್ನು ಒಂದರಲ್ಲೊಂದು ಕಳೆಯುವುದು ಸೇರಿನಲ್ಲಿ ಗಜವನ್ನು ಕಳೆದಂತೆ.

ಈ ಲೆಕ್ಕದಲ್ಲಿ ಬದಲಾಗದೆ ನಿಂತವರು ಬಾಲಕರು. ಅವರನ್ನೇ ಅಳತೆಗೋಲಾಗಿ ಹಿಡಿಯಬೇಕು. ಮೊದಲು ಬಾಲಕಿಯರು ಬಾಲಕರ ಅರ್ಧದಷ್ಟು, ಆಮೇಲೆ ಬಾಲಕರಷ್ಟೇ. ಆದುದರಿಂದ ಹೊಸದಾಗಿ ಬಂದ 6 ಮಂದಿ ಬಾಲಕರ ಅರ್ಧ. ಬಾಲಕರು 12, ಮೊದಲಿದ್ದ ಬಾಲಕಿಯರು 6, ಒಟ್ಟು 18.

‘ಯಾವುದರ ಪಾಲು?’ ಎಂಬ ಈ ವಿವೇಕ ಪೂರ್ವಿಕರಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಒಟ್ಟಿನ ಪಾಲನ್ನು ಹೇಳುವ ಲೆಕ್ಕಗಳನ್ನೂ ಉಳಿದುದರ ಪಾಲನ್ನು ಹೇಳುವ ಲೆಕ್ಕಗಳನ್ನೂ ಅವನು ಭಾಗ, ಶೇಷ ಎಂದು ಬೇರ್ಪಡಿಸಿದ್ದಾನೆ. ಈ ಭೇದ ಸಣ್ಣದಲ್ಲ. 24 ತೆಂಗಿನಕಾಯಿಗಳಲ್ಲಿ ಅರ್ಧ ಕೊಟ್ಟು, ಬಳಿಕ ಒಟ್ಟಿನ 1/3 ಕೊಟ್ಟರೆ ಉಳಿಯುವುದು 4. ಉಳಿದುದರ 1/3 ಕೊಟ್ಟರೆ ಉಳಿಯುವುದು 8. ವ್ಯತ್ಯಾಸವೆಲ್ಲ ಒಂದು ಷಷ್ಠೀ ವಿಭಕ್ತಿಯ ಪದದಲ್ಲಿ ಅಡಗಿದೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದುದು, ಈ ಶಾಸ್ತ್ರವನ್ನು ಹೊರುವ ಕಸುವು ಕನ್ನಡಕ್ಕೆ ಅಂದೇ ಇತ್ತೆಂಬುದಕ್ಕೆ ಸಾಕ್ಷಿ.

ಬೀಜಗಣಿತ ಕಲಿಸಿದರೆ ಈ ತೊಡಕು ತಾನೇ ಹರಿಯುವುದೆಂದು ಕೆಲವರು ವಾದಿಸಬಹುದು. ಆದರೆ ಅವ್ಯಕ್ತರಾಶಿಯನ್ನು ಯಾವುದಕ್ಕೆ ಇಡಬೇಕೆಂಬುದನ್ನು ಸಮೀಕರಣ ಹೇಳಿಕೊಡದು; ಅದನ್ನು ವಾಕ್ಯವೇ ಹೇಳಬೇಕು. ವಾಕ್ಯವನ್ನು ಓದಲರಿಯದವನಿಗೆ ಸೂತ್ರವು ಕುರುಡನ ಕೈಯ ಕನ್ನಡಿ.

ಆದಕಾರಣ ಗಣಿತದ ಉಪಾಧ್ಯಾಯರು ಲೆಕ್ಕ ಬಿಡಿಸುವ ಮುನ್ನ ‘ಯಾವುದರ ಪಾಲು? ಬದಲಾಗದೆ ಉಳಿದುದು ಯಾವುದು?’ ಎಂಬ ಎರಡು ಪ್ರಶ್ನೆಗಳಿಗೆ ವಿದ್ಯಾರ್ಥಿಯ ಬಾಯಿಂದಲೇ ಉತ್ತರ ಹೊರಡಿಸಬೇಕು. ಕನ್ನಡದ ಪಂಡಿತರು ವಿಭಕ್ತಿಯ ಪಾಠದಲ್ಲಿ ಇಂಥ ವಾಕ್ಯಗಳಿಗೂ ಎಡೆಗೊಡಬೇಕು. ಓದಿನ ಕೊರತೆಗೆ ಬುದ್ಧಿಮಾಂದ್ಯದ ಹೆಸರಿಟ್ಟು ಮಗುವನ್ನು ಹಿಂದಿನ ಸಾಲಿಗೆ ತಳ್ಳುವುದು ಅನ್ಯಾಯ. ಆ ಅನ್ಯಾಯವನ್ನು ತಪ್ಪಿಸಲು ಹೆಚ್ಚಿನ ವೆಚ್ಚ ಬೇಕಿಲ್ಲ. ಇಬ್ಬರು ಉಪಾಧ್ಯಾಯರು ಕೂಡಿ ಕುಳಿತು ವಿಚಾರಿಸಿದರೆ ಸಾಕು.