ಒಂದು ದಿನದ ಪರೀಕ್ಷೆ, ಜೀವಮಾನದ ಪ್ರಮಾಣಪತ್ರ

ಪ್ರಿಯ ಶಿಷ್ಯರೇ, ಬಂಧುಗಳೇ,

ಕಳೆದ ತಿಂಗಳು ಹಲಸೂರಿನ ನಮ್ಮ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟಿಗೆ ಪೆಟ್ಟು ಮಾಡಿಕೊಂಡೆ. ಇಂದಿರಾನಗರದ ಕಡೆಯ ಎಕ್ಸ್-ರೇ ಕೇಂದ್ರವೊಂದಕ್ಕೆ ಹೋದೆ. ಅದರ ಹೆಸರು ಇಲ್ಲಿ ಬೇಡ. ಅಲ್ಲಿದ್ದ ತರುಣನು ಒಂದೇ ಭಂಗಿಯ ಚಿತ್ರವನ್ನು ಮೂರು ಬಾರಿ ತೆಗೆದನು. ಮೊದಲನೆಯದರಲ್ಲಿ ಕೈ ಓರೆಯಾಗಿತ್ತು. ಎರಡನೆಯದರಲ್ಲಿ ಎಡ-ಬಲದ ಗುರುತೇ ಇರಲಿಲ್ಲ. ಗೋಡೆಯ ಮೇಲೆ ಅವನ ಪ್ರಮಾಣಪತ್ರ ತೂಗುತ್ತಿತ್ತು: ಪ್ರಥಮ ದರ್ಜೆ! ನನಗೆ ಸಿಟ್ಟು ಬಂದದ್ದು ಆ ಹುಡುಗನ ಮೇಲಲ್ಲ, ಅವನಿಗೆ ಆ ದರ್ಜೆಯನ್ನು ಕೊಟ್ಟ ಪದ್ಧತಿಯ ಮೇಲೆ.

ನಮ್ಮ ರಾಜ್ಯದಲ್ಲಿ ಈ ವಿದ್ಯೆಯ ಡಿಪ್ಲೊಮಾಕ್ಕೆ ಪ್ಯಾರಾ ಮೆಡಿಕಲ್ ಮಂಡಳಿಯೂ ಪದವಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಪರೀಕ್ಷೆ ನಡೆಸುತ್ತವೆ. ಲಿಖಿತವುಂಟು, ಪ್ರಾಯೋಗಿಕವುಂಟು, ಮೌಖಿಕವುಂಟು. ಆದರೆ ಒಂದು ಮಾತನ್ನು ಯೋಚಿಸಿ. ಪರೀಕ್ಷೆಗೆಂದು ಯಾರ ಮೈಮೇಲೂ ವಿಕಿರಣವನ್ನು ಹಾಯಿಸಬಾರದು. ಅದು ಧರ್ಮವೂ ಅಲ್ಲ, ನ್ಯಾಯವೂ ಅಲ್ಲ. ಹೀಗಿರುವಾಗ ಒಂದು ದಿನದ ಪರೀಕ್ಷೆಯಲ್ಲಿ ವಿದ್ಯಾರ್ಥಿಯು ಗುಂಡಿ ಒತ್ತುವವರೆಗಿನ ಅಭಿನಯವನ್ನು ತೋರಿಸಬಲ್ಲನೇ ಹೊರತು ಕೆಲಸವನ್ನಲ್ಲ.

ನಿಜವಾದ ಕೆಲಸ ಯಾವುದು? ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಸಾಲಿನಲ್ಲಿ ಕನ್ನಡ, ತಮಿಳು, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಅಂಥ ಕಡೆ ಎದೆಯ ಚಿತ್ರ ತೆಗೆಯುವವನು, 'ಉಸಿರೆಳೆದು ಹಿಡಿದುಕೊಳ್ಳಿ' ಎಂಬುದನ್ನು ಎದುರಿನ ಅಜ್ಜಿಗೆ ಅರ್ಥವಾಗುವಂತೆ ಹೇಳಬೇಕು. ಅರ್ಧ ಉಸಿರಿನಲ್ಲಿ ತೆಗೆದ ಚಿತ್ರದಲ್ಲಿ ಆರೋಗ್ಯವಂತ ಹೃದಯವೂ ದೊಡ್ಡದಾಗಿ ಕಾಣುತ್ತದೆ. ತರುಣಿಯನ್ನು ಗರ್ಭಿಣಿಯೇ ಎಂದು ಮರ್ಯಾದೆಯಿಂದ ವಿಚಾರಿಸಬೇಕು. ಕಿರಣಗಳು ಬೇಕಾದ ಭಾಗಕ್ಕಷ್ಟೇ ಬೀಳುವಂತೆ ಕಿರಿದುಗೊಳಿಸಬೇಕು. ದೂರ ಎರಡು ಪಟ್ಟಾದರೆ ತೀವ್ರತೆ ಕಾಲು ಭಾಗಕ್ಕಿಳಿಯುತ್ತದೆಂದು ನಾನು ನಿಮಗೆಲ್ಲ ಬಾಯಿಪಾಠ ಮಾಡಿಸಿದ್ದೆ. ಅದನ್ನು ಬರೆದು ಪೂರ್ಣಾಂಕ ಪಡೆದವನು, ರೋಗಿಯ ಪಕ್ಕದಲ್ಲಿ ಸುಮ್ಮನೆ ನಿಂತ ಬಂಧುವನ್ನು ಹೊರಗೆ ಕಳುಹಿಸುತ್ತಾನೆಯೇ? ಉತ್ತರಪತ್ರಿಕೆ ಇದನ್ನು ಹೇಳಲಾರದು.

ಆದುದರಿಂದ ಪ್ರಮಾಣಪತ್ರವು ಆಸ್ಪತ್ರೆಯ ದಿನನಿತ್ಯದ ಕೆಲಸದಿಂದಲೇ ಹುಟ್ಟಬೇಕು. ರೋಗಿಗೆ ಹೇಗೂ ಬೇಕಾದ ಚಿತ್ರವನ್ನು ವಿದ್ಯಾರ್ಥಿ ತೆಗೆಯಲಿ. ಅನುಭವಿ ತಂತ್ರಜ್ಞನು ಪಕ್ಕದಲ್ಲಿ ನಿಂತು ನೋಡಲಿ. ಎದೆ, ಮಣಿಕಟ್ಟು, ಸೊಂಟ ಎಂದು ಒಂದೊಂದಕ್ಕೂ ಬೇರೆಬೇರೆಯಾಗಿ, ಹಲವು ಸಲ ನೋಡಿದ ಮೇಲೆಯೇ ರುಜು ಹಾಕಲಿ. ಆ ರುಜುವಿಗೆ ಅವನೇ ಹೊಣೆಯಾಗಲಿ. ಸ್ಕೂಟರಿನ ಪರವಾನಗಿ ಬೇಕೆಂದರೂ ಓಡಿಸಿ ತೋರಿಸಬೇಕಲ್ಲವೇ?

ಇಂಥ ವೃತ್ತಿಗಳಿಗಾಗಿ ಸಂಸತ್ತು 2021ರಲ್ಲಿ ಮಾಡಿದ ಕಾಯ್ದೆಯಲ್ಲಿ ಏಕರೂಪದ ಅಂತಿಮ ಪರೀಕ್ಷೆಯ ಮಾತಿದೆ. ಒಳ್ಳೆಯದೇ. ಆದರೆ ಅದೂ ಇನ್ನೊಂದು ಪ್ರಶ್ನೆಪತ್ರಿಕೆಯಾಗಿ ಮುಗಿದರೆ ಫಲವಿಲ್ಲ. 'ತಂತ್ರಜ್ಞರಿಗೇ ಪುರುಸೊತ್ತಿಲ್ಲ, ನಿಂತು ನೋಡುವವರು ಯಾರು?' ಎನ್ನುವವರಿದ್ದಾರೆ. ನೋಡಲು ಪುರುಸೊತ್ತಿಲ್ಲದಿದ್ದರೆ ರುಜು ಹಾಕುವ ಹಕ್ಕೂ ಇಲ್ಲ ಎಂಬುದೇ ನನ್ನ ಉತ್ತರ.

ಇಷ್ಟು ಬರೆದ ಮೇಲೆ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಿಮ್ಮ ಪ್ರಯೋಗದ ಪುಸ್ತಕಗಳಿಗೆ ಎಷ್ಟೋ ಸಲ ನಾನೂ ಪ್ರಯೋಗವನ್ನು ನೋಡದೆಯೇ ಕೆಂಪು ಶಾಯಿಯಲ್ಲಿ ರುಜು ಹಾಕಿದ್ದೇನೆ. ಅಂದು ಅದರಿಂದ ಯಾರ ಮೂಳೆಯೂ ಮುರಿದಿರಲಿಲ್ಲ, ಅಷ್ಟೇ ಸಮಾಧಾನ. ನಿಮ್ಮಲ್ಲಿ ಇಂದು ಕಲಿಸುವವರಿದ್ದರೆ, ಪರೀಕ್ಷಕರಿದ್ದರೆ, ಕಣ್ಣಾರೆ ನೋಡದೆ ರುಜು ಹಾಕಬೇಡಿರಿ. ಮೇಷ್ಟರಿಗೆ ಅದೇ ಗುರುದಕ್ಷಿಣೆ.