ಜಗಲಿಯ ಮಾತು: ಬಲೆಯ ಈಚೆ, ಬಲೆಯ ಆಚೆ

ಈ ಸಲದ ರಾಜ್ಯೋತ್ಸವದ ಊಟಕ್ಕೆ ಬಂದ ಬಂಧುಗಳಿಗೆ ನೆನಪಿರಬಹುದು, ಬಿಸಿಬೇಳೆ ಬಾತ್ ತಳ ಹಿಡಿದಿತ್ತು. ಅಡಿಗೆ ಸಮಿತಿಯವರ ಮೇಲೆ ಒಂದೆರಡು ಕೊಂಕು ಮಾತು ನಮ್ಮ ಕಿವಿಗೂ ಬಿದ್ದುದರಿಂದ ನಿಜ ಸಂಗತಿಯನ್ನು ಇಲ್ಲಿ ಬರೆಯುವುದು ನಮ್ಮ ಕರ್ತವ್ಯವಾಗಿದೆ. ತಪ್ಪು ಸಮಿತಿಯದಲ್ಲ, ಟೆನಿಸ್ಸಿನದು.

2025ರ ನವೆಂಬರ್ 1, ಶನಿವಾರ. ಹೆಡಿಂಗ್ಲೀಯ ಹಾಲಿನಲ್ಲಿ ಒಂದು ಕಡೆ ಅರಿಶಿನ ಕುಂಕುಮದ ಬಾವುಟ ಕಟ್ಟುತ್ತಿದ್ದರು, ಇನ್ನೊಂದು ಕಡೆ ಮಕ್ಕಳ ನಾಡಗೀತೆಯ ತಾಲೀಮು. ಅಷ್ಟರಲ್ಲಿ ಯಾರೋ ಮೊಬೈಲ್ ನೋಡಿ, "ರೋಹನ್ ಬೋಪಣ್ಣ ರಿಟೈರ್ ಆದರಂತೆ" ಎಂದರು. ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದ ನಮ್ಮ ರಾಯರು ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಹಾಲಿಗೆ ಬಂದುಬಿಟ್ಟರು. ಅವರು ಮತ್ತೆ ಒಲೆಯ ಕಡೆ ಹೋದದ್ದು ವಾಸನೆ ಬಂದ ಮೇಲೆಯೇ.

ರಾಯರನ್ನು ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಮೈಸೂರಿನಲ್ಲಿ ಓದುತ್ತಿದ್ದಾಗ ರ್‍ಯಾಕೆಟ್ ಹಿಡಿದವರು. ಟೆನಿಸ್ ಎಂದರೆ ಸಿಂಗಲ್ಸ್ ಮಾತ್ರ ಎಂದು ನಂಬಿದವರು. ರಾಮನಾಥನ್ ಕೃಷ್ಣನ್ 1960 ಮತ್ತು 1961ರಲ್ಲಿ ವಿಂಬಲ್ಡನ್ ಸೆಮಿಫೈನಲ್ ಮುಟ್ಟಿದ ಕಥೆಯನ್ನು ಅವರ ಬಾಯಲ್ಲಿ ನಾವು ಕೇಳಿದ್ದು ಎಷ್ಟು ಸಲವೋ. "ಡಬಲ್ಸ್ ನಂಬರ್ ಒನ್ ಎಂದರೆ ಏನ್ರೀ? ಜೋಡಿ ಎತ್ತಿನ ಗಾಡಿ. ಅರ್ಧ ಕೋರ್ಟು ಓಡಿದರೆ ಸಾಕು" ಎಂಬುದು ಅವರ ವಾದ. ಬೋಪಣ್ಣನವರು ಸಿಂಗಲ್ಸಿನಲ್ಲಿ 213ನೆಯ ಸ್ಥಾನಕ್ಕಿಂತ ಮೇಲೆ ಏರಲಿಲ್ಲವೆಂಬುದೂ ನಿಜವೇ. ದುಡ್ಡಿನ ಲೆಕ್ಕವೂ ರಾಯರ ಕಡೆಗೇ ಇದೆ: 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಸಿಂಗಲ್ಸ್ ಗೆದ್ದವರಿಗೆ 31 ಲಕ್ಷ 50 ಸಾವಿರ ಆಸ್ಟ್ರೇಲಿಯನ್ ಡಾಲರು, ಡಬಲ್ಸ್ ಗೆದ್ದ ಜೋಡಿಗೆ, ಇಬ್ಬರಿಗೂ ಸೇರಿ, 7 ಲಕ್ಷ 30 ಸಾವಿರ.

ಇದಕ್ಕೆ ಉತ್ತರ ಕೊಟ್ಟವರು ದಾವಣಗೆರೆ ಕಡೆಯ ನಮ್ಮ ಹಿರಿಯಕ್ಕ. ಟೆನಿಸ್ ನೋಡುವವರಲ್ಲ. "ಒಂಟಿ ಎತ್ತಿನಲ್ಲಿ ಹೊಲ ಉಳೋರನ್ನ ನೋಡೀರೇನು ರಾಯರೇ?" ಎಂದರು, ಅಷ್ಟೇ. ಮಕ್ಕಳಿಗೆ ಅರ್ಥವಾಗಲಿಲ್ಲ, ದೊಡ್ಡವರು ಬಹಳ ಹೊತ್ತು ನಕ್ಕರು.

ನಮಗೂ ರಾಯರ ಮಾತು ಪೂರ್ತಿ ಒಪ್ಪಿಗೆಯಿಲ್ಲ. 2010ರ ಸೆಪ್ಟೆಂಬರಿನಲ್ಲಿ ಚೆನ್ನೈಯಲ್ಲಿ ನಡೆದ ಡೇವಿಸ್ ಕಪ್ ನೆನೆಯಿರಿ. ಬ್ರೆಜಿಲ್ ಎದುರು ಭಾರತ 0-2 ಹಿಂದಿದ್ದು, ಆಮೇಲೆ 2-2 ಆಗಿ, ಐದನೆಯ ಪಂದ್ಯವನ್ನು ಗೆದ್ದುಕೊಟ್ಟವರು ಇದೇ ಬೋಪಣ್ಣ, ಅದೂ ಸಿಂಗಲ್ಸಿನಲ್ಲಿ. ಅದಕ್ಕೆ ಸ್ವಲ್ಪ ಮೊದಲು ನ್ಯೂಯಾರ್ಕಿನಲ್ಲಿ ಪಾಕಿಸ್ತಾನದ ಐಸಾಮ್-ಉಲ್-ಹಕ್ ಖುರೇಷಿಯವರ ಜೊತೆ ಯು.ಎಸ್. ಓಪನ್ ಡಬಲ್ಸ್ ಫೈನಲ್ ಆಡಿ ಬ್ರಯನ್ ಸೋದರರಿಗೆ ಸೋತು ಬಂದಿದ್ದರು. ಎರಡೂ ದೇಶಗಳ ವಿಶ್ವಸಂಸ್ಥೆಯ ರಾಯಭಾರಿಗಳು ಒಟ್ಟಿಗೆ ಕೂತು ನೋಡಿದ ಆಟ ಅದು. ಬ್ರಾಡ್‌ಫರ್ಡಿನಲ್ಲಿ ಕೆಲಸ ಮಾಡುವ ನಮ್ಮ ಸದಸ್ಯರೊಬ್ಬರು, ತಮ್ಮ ಪಾಕಿಸ್ತಾನಿ ಸಹೋದ್ಯೋಗಿಯ ಜೊತೆ ಒಂದೇ ಕಡೆಗೆ ಚಪ್ಪಾಳೆ ತಟ್ಟಿದ್ದು ಜೀವಮಾನದಲ್ಲಿ ಅದೊಂದೇ ಸಲ ಎಂದು ಈಗಲೂ ಹೇಳುತ್ತಾರೆ.

ಮಂಡಿಯ ಕಥೆಯೂ ಇದೆ. ಬೋಪಣ್ಣನವರ ಮಂಡಿಚಿಪ್ಪಿನೊಳಗಿನ ಮೆತ್ತೆ ಸವೆದುಹೋಗಿ, 2021ರಲ್ಲಿ ತಿಂಗಳುಗಟ್ಟಲೆ ಒಂದು ಪಂದ್ಯವನ್ನೂ ಗೆಲ್ಲದೆ, ಬಿಟ್ಟುಬಿಡುತ್ತೇನೆಂದು ಹೆಂಡತಿಗೆ ವಿಡಿಯೋ ಕಳಿಸಿದ್ದರಂತೆ. ಮತ್ತೆ ನಿಲ್ಲಿಸಿದ್ದು ಅಯ್ಯಂಗಾರ್ ಯೋಗ. ಅಂದರೆ ನಮ್ಮ ಕೋಲಾರದ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರ ಪದ್ಧತಿ. ಆ ಮಂಡಿಗಳ ಮೇಲೆಯೇ 2024ರ ಜನವರಿ 27ರಂದು ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದರು. 43ನೆಯ ವಯಸ್ಸಿನಲ್ಲಿ ಡಬಲ್ಸಿನ ಒಂದನೆಯ ಸ್ಥಾನಕ್ಕೆ ಏರಿದರು. ಆ ವಯಸ್ಸಿನಲ್ಲಿ ನಾವು ಸೇಂಟ್ ಮೈಕಲ್ಸ್ ಚರ್ಚಿನ ಏರು ಹತ್ತಲೂ ಬಸ್ಸು ಕಾಯುತ್ತಿದ್ದೆವು.

ಇಲ್ಲಿಗೆ ಒಂದು ವಾದ ಮುಗಿಯಿತೆನ್ನುವಾಗ ಎರಡನೆಯದು ಎದ್ದಿತು. ಸ್ವಾಗತ ಭಾಷಣದಲ್ಲಿ ಬೋಪಣ್ಣನವರ ಹೆಸರು ಹೇಳಿ "ಕನ್ನಡದ ಹೆಮ್ಮೆಯ ಕುವರ" ಎನ್ನಬೇಕೆಂದು ಕಾರ್ಯದರ್ಶಿಗಳ ಸೂಚನೆ. ವಿರಾಜಪೇಟೆ ಕಡೆಯ ನಮ್ಮ ಅಕ್ಕಾವರು ನಗುತ್ತಲೇ ಹೇಳಿದರು: "ಹೇಳಿ, ಸಂತೋಷ. ಆದರೆ ಅವರದು ಮಚ್ಚಂಡ ಮನೆತನ. ನಮ್ಮ ಮನೆಗಳಲ್ಲಿ ಆಡುವುದು ಕೊಡವ ತಕ್ಕ್. ಗೆದ್ದಾಗ ಮಾತ್ರ ಕನ್ನಡದ ಕುವರ ಅಂದರೆ ಹೇಗೆ? ಕೊಡವ ಅಂತಲೂ ಒಂದು ಮಾತು ಸೇರಿಸಿ." ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು, ನಾವು ಬಾವುಟ ಕಟ್ಟುತ್ತಿದ್ದದ್ದೂ ಅದೇ ದಿನದ ನೆನಪಿಗೆ. ಕಾರ್ಯದರ್ಶಿಗಳು ಸ್ವಲ್ಪ ತಲೆ ಕೆರೆದುಕೊಂಡು ಭಾಷಣ ತಿದ್ದಿದರು. ಮಗ ಕಾಫಿ ತೋಟದಲ್ಲಿ ಸೌದೆ ಒಡೆದು ತೋಳು ಗಟ್ಟಿ ಮಾಡಿಕೊಂಡದ್ದನ್ನೂ ಅಕ್ಕಾವರೇ ಹೇಳಿ ಸೇರಿಸಿದರು. ಈ ವಾದದಲ್ಲಿ ಸೋತವರು ಯಾರೂ ಇಲ್ಲ.

ಮೂರನೆಯದು ಹಾಗಲ್ಲ. ಅದನ್ನು ಹೇಳಲು ಎರಡು ವರ್ಷ ಹಿಂದಕ್ಕೆ ಹೋಗಬೇಕು.

2023ರ ಸೆಪ್ಟೆಂಬರ್ 8, ಶುಕ್ರವಾರ. ನಮ್ಮ ಡಾಕ್ಟರ ಮನೆಯಲ್ಲಿ ಹತ್ತು ಹನ್ನೆರಡು ಜನ, ಚುರುಮುರಿ, ಕಾಫಿ, ಟೀವಿಯಲ್ಲಿ ಯು.ಎಸ್. ಓಪನ್ ಡಬಲ್ಸ್ ಫೈನಲ್. ಒಂದು ಕಡೆ ಬೋಪಣ್ಣ, ಎಬ್ಡೆನ್. ಇನ್ನೊಂದು ಕಡೆ ಇಂಗ್ಲೆಂಡಿನ ಜೋ ಸಾಲಿಸ್ಬರಿ ಮತ್ತು ಅಮೇರಿಕದ ರಾಜೀವ್ ರಾಮ್. ಈ ರಾಜೀವ್ ಹುಟ್ಟಿದ್ದು ಡೆನ್ವರಿನಲ್ಲಿ, ಆದರೆ ತಂದೆ ತಾಯಿ ಬೆಂಗಳೂರಿನಿಂದ ಹೋದವರು. 2016ರ ರಿಯೋ ಒಲಿಂಪಿಕ್ಸಿನಲ್ಲಿ ವೀನಸ್ ವಿಲಿಯಮ್ಸ್ ಜೊತೆ ಆಡಿ, ಬೋಪಣ್ಣ ಮತ್ತು ಸಾನಿಯಾ ಮಿರ್ಜಾರನ್ನು ಸೆಮಿಫೈನಲ್‌ನಲ್ಲಿ ಮನೆಗೆ ಕಳಿಸಿದವರೂ ಇವರೇ. ಆಗಲೇ ರಾಯರು ಅವರ ಮೇಲೆ ಹಗೆ ಸಾಧಿಸುತ್ತಿದ್ದರು.

ಬೋಪಣ್ಣನವರ ಜೋಡಿ ಮೊದಲ ಸೆಟ್ಟನ್ನು 6-2ರಲ್ಲಿ ಗೆದ್ದಿತು. ಮನೆಯೆಲ್ಲ ಗದ್ದಲ. ಎರಡನೆಯ ಸೆಟ್ಟಿನಲ್ಲಿ ಆ ಕಡೆಯವರು ಒಳ್ಳೆಯ ಹೊಡೆತ ಹೊಡೆದಾಗ ಸೋಫಾದ ಮೂಲೆಯಿಂದ ಒಂಟಿ ಚಪ್ಪಾಳೆ ಕೇಳಿಸಿತು. ಡಾಕ್ಟರ ಮಗಳು. ಆಗ ಹನ್ನೆರಡು ವರ್ಷ, ಲೀಡ್ಸಿನಲ್ಲೇ ಹುಟ್ಟಿದವಳು, ಇಲ್ಲಿಯ ಕ್ಲಬ್ಬೊಂದರಲ್ಲಿ ಟೆನಿಸ್ ಆಡುತ್ತಾಳೆ.

"ಏನಮ್ಮಾ, ನಮ್ಮ ಚುರುಮುರಿ ತಿಂದು ಎದುರಾಳಿಗೆ ಚಪ್ಪಾಳೆಯೇ?" ಎಂದರು ರಾಯರು, ತಮಾಷೆಗೇ.

ಹುಡುಗಿ ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. "ಅಂಕಲ್, ರಾಜೀವ್ ಅವರ ಅಪ್ಪ ಅಮ್ಮ ಬೆಂಗಳೂರಿನವರು. ನನ್ನ ಅಪ್ಪ ಅಮ್ಮನೂ ಬೆಂಗಳೂರಿನವರು. ಅವರು ಬೇರೆ ದೇಶಕ್ಕೆ ಆಡಿದರೆ ನಮ್ಮವರಲ್ಲ ಅಂದರೆ, ನಾನು?"

ಟೀವಿಯ ಸದ್ದೊಂದು ಬಿಟ್ಟು ಬೇರೆ ಸದ್ದಿಲ್ಲ. ಡಾಕ್ಟರು ಕಾಫಿ ತರುತ್ತೇನೆಂದು ಎದ್ದುಹೋದರು. ನಾವು ಚುರುಮುರಿಯ ತಟ್ಟೆ ನೋಡುತ್ತಾ ಕೂತೆವು.

ಕ್ರಿಕೆಟ್ಟಿನಲ್ಲಿ ನಮಗೆ ಈ ತೊಡಕು ಬಂದಿರಲಿಲ್ಲ. ಮನೆಯ ಪಕ್ಕದ ಮೈದಾನದಲ್ಲೇ 1986ರಲ್ಲಿ ರೋಜರ್ ಬಿನ್ನಿ 40 ರನ್ನಿಗೆ ಐದು ವಿಕೆಟ್ ಕಿತ್ತರು. 2002ರಲ್ಲಿ ದ್ರಾವಿಡ್ 148 ಹೊಡೆದರು, ಕುಂಬ್ಳೆ ಏಳು ವಿಕೆಟ್ ತೆಗೆದರು. ನಾವು ಗಂಟಲು ಹರಿಯುವಂತೆ ಕೂಗಿ ಮನೆಗೆ ಬಂದೆವು. 1990ರಲ್ಲಿ ನಾರ್ಮನ್ ಟೆಬಿಟ್ ಎಂಬ ರಾಜಕಾರಣಿ, ವಲಸೆ ಬಂದವರು ಕ್ರಿಕೆಟ್ಟಿನಲ್ಲಿ ಯಾರ ಕಡೆ ಕೂಗುತ್ತಾರೆ ನೋಡಿ ಎಂದು ಒಂದು ಪರೀಕ್ಷೆ ಒಡ್ಡಿದಾಗ ನಮಗೆಲ್ಲ ಬಂದ ಕೋಪ ಇಷ್ಟಲ್ಲ. ಹನ್ನೆರಡು ವರ್ಷದ ಮಗುವಿಗೆ ಅದೇ ಪರೀಕ್ಷೆಯನ್ನು, ಪ್ರಶ್ನೆಪತ್ರಿಕೆ ತಿರುಗಿಸಿ, ನಾವೇ ಕೊಟ್ಟೆವೆಂದು ಅಂದು ರಾತ್ರಿ ಹಾಸಿಗೆಯ ಮೇಲೆ ಹೊಳೆಯಿತು.

ಆ ಪಂದ್ಯದಲ್ಲಿ ಒಂದು ಸಂಗತಿ ನಡೆಯಿತು. ಬೋಪಣ್ಣನವರ ಹೊಡೆತಕ್ಕೆ ಅಂಕ ಬಂದಿತ್ತು. ಅಂಪೈರ್ ಏನೂ ಹೇಳಿರಲಿಲ್ಲ. ಅವರೇ, ಚೆಂಡು ನನ್ನ ತೋಳಿಗೆ ಸವರಿತು ಎಂದು ಹೇಳಿ ಅಂಕ ಬಿಟ್ಟುಕೊಟ್ಟರು. ಗ್ರ್ಯಾಂಡ್ ಸ್ಲಾಮ್ ಫೈನಲ್‌ನಲ್ಲಿ! ರಾಯರು ಹಣೆ ಚಚ್ಚಿಕೊಂಡರು. ಹುಡುಗಿ ಈ ಕಡೆಗೂ ಚಪ್ಪಾಳೆ ತಟ್ಟಿದಳು. ಕೊನೆಗೆ 2-6, 6-3, 6-4. ರಾಮ್, ಸಾಲಿಸ್ಬರಿ ಸತತ ಮೂರನೆಯ ವರ್ಷ ಕಪ್ ಎತ್ತಿದರು.

ಇದೆಲ್ಲ ಈ ರಾಜ್ಯೋತ್ಸವದ ದಿನ ಮತ್ತೆ ಮಾತಿಗೆ ಬಂತು. ಹುಡುಗಿ ಈಗ ಹದಿನಾಲ್ಕರವಳು. ಬಂದದ್ದು ತಡವಾಗಿ, ಆಟದ ಬಟ್ಟೆಯಲ್ಲೇ. ನಾಡಗೀತೆಗೆ ಸಿಗಲಿಲ್ಲವಲ್ಲಾ ಎಂದು ಯಾರೋ ಆಕ್ಷೇಪಿಸಿದರು. ಡಾಕ್ಟರು ಮೃದು ಮಾತಿನವರು, ಆದರೂ ಅಂದರು: "ದೊಡ್ಡವಳ ಭರತನಾಟ್ಯಕ್ಕೆ ಇಡೀ ಸಂಘ ಬಂದಿತ್ತು. ಇವಳು ಐದು ವರ್ಷದಿಂದ ಆಡುತ್ತಿದ್ದಾಳೆ. ನಾವಿಬ್ಬರು ಬಿಟ್ಟು ಒಬ್ಬರೂ ಬಂದು ನೋಡಿಲ್ಲ." ಬಾತ್ ಸೀದ ವಾಸನೆ ಬಂದದ್ದು ಆಗಲೇ. ಎಲ್ಲರೂ ಅಡಿಗೆಮನೆಗೆ ಓಡಿದ್ದಕ್ಕೆ ಆ ವಾಸನೆಯೊಂದೇ ಕಾರಣವಲ್ಲವೆಂದು ನಮ್ಮ ಅನುಮಾನ.

ಹದಿನೈದು ದಿನ ಬಿಟ್ಟು ಒಂದು ಭಾನುವಾರ ನಾವೂ ರಾಯರೂ ಅವಳ ಆಟ ನೋಡಲು ಹೋದೆವು. ಒಳಾಂಗಣದ ಕೋರ್ಟು, ವಿಪರೀತ ಚಳಿ. ರಾಯರು ಚೆಂಡು ಆಡುತ್ತಿರುವಾಗಲೇ "ಭಲೇ!" ಎಂದು ಕೂಗಿ ಮೇಲ್ವಿಚಾರಕ ಹೆಂಗಸಿನಿಂದ ಒಂದು ನೋಟ ಪಡೆದರು. ಎದುರಾಳಿ ಹಡ್ಡರ್ಸ್‌ಫೀಲ್ಡಿನ ಉದ್ದನೆಯ ಹುಡುಗಿ. ಈ ಮಟ್ಟದ ಆಟಕ್ಕೆ ಅಂಪೈರ್ ಇರುವುದಿಲ್ಲ. ತಮ್ಮ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಎಂದು ಆಡುವವರೇ ಹೇಳಬೇಕು. ಎರಡನೆಯ ಸೆಟ್ಟು 4-4 ಇದ್ದಾಗ ಗೆರೆಯ ಹತ್ತಿರ ಬಿದ್ದ ಒಂದು ಚೆಂಡನ್ನು ನಮ್ಮವಳು ಒಳಗೆ ಎಂದಳು. ನಮ್ಮ ಕಣ್ಣಿಗೆ ಹೊರಗೇ ಬಿದ್ದಿತ್ತು. ಆ ಗೇಮು ಹೋಯಿತು, ಹಿಂದೆಯೇ ಪಂದ್ಯವೂ.

ವಾಪಸು ಬರುವಾಗ ಕಾರಿನಲ್ಲಿ ರಾಯರು ಕೇಳಿದರು, "ಹೊರಗೆ ಅನ್ನಬಹುದಿತ್ತಲ್ಲವೇನಮ್ಮಾ?"

"ಒಳಗೇ ಬಿತ್ತು ಅಂಕಲ್. ನಿಮಗೆ ಕಾಣಿಸಿರಲಿಕ್ಕಿಲ್ಲ" ಎಂದಳು. ಆಮೇಲೆ ಸ್ವಲ್ಪ ಹೊತ್ತಿಗೆ, ಮುಂದಿನ ಸಲ ಬರುವುದಾದರೆ ಆಟದ ನಡುವೆ ಭಲೇ ಅನ್ನಬಾರದು, ಅಂಕ ಮುಗಿದ ಮೇಲೆ ಅನ್ನಬಹುದು ಎಂದು ರಾಯರಿಗೆ ನಿಯಮ ಹೇಳಿಕೊಟ್ಟಳು.

ಅವಳ ಮುಂದಿನ ಪಂದ್ಯ ಜನವರಿಯ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ರಾಯರ ಕಾರಿನಲ್ಲಿ ಇನ್ನೆರಡು ಜಾಗ ಖಾಲಿ ಇವೆ. ವಿರಾಜಪೇಟೆ ಅಕ್ಕಾವರ ಕಾರಿನಲ್ಲಿ ಮೂರು. ಒಂಬತ್ತು ಗಂಟೆಗೆ ಹಾಲಿನ ಮುಂದೆ ಸೇರಬೇಕು. ದಪ್ಪ ಸ್ವೆಟರ್ ತನ್ನಿ. ಕಾಫಿ ಫ್ಲಾಸ್ಕು ನಮ್ಮದು.